ಸಮುದ್ರ ತಿಂದ ಜಸ್ತ

ನಮ್ಮ ಅಂಗಡಿಯ ಟೇಬಲ್ಲಿನ ಮೇಲೆ ಬಿಲ್ಲುಗಳು ಫ್ಯಾನಿನ ಗಾಳಿಗೆ ಹಾರದಿರಲೆಂದು ಒಂದು ಲೋಹದ ತುಂಡನ್ನು ಇಟ್ಟಿದ್ದೇನೆ. ಒಂದು ಗೇಣು ಉದ್ದ, ಗೆದ್ದಲು ಹತ್ತಿದ ಹಲಗೆಯಂತೆ ಮೈತುಂಬ ಗುಂಡಿ, ನಡುವೆ ತುಕ್ಕು ಹಿಡಿದ ಕಬ್ಬಿಣದ ಪಟ್ಟಿ. ಬೋರ್‌ವೆಲ್ ಮೋಟಾರು ಹೊತ್ತು ತರುವ ರೈತರು ಅದನ್ನು ಯಾವುದೋ ಕೆಟ್ಟ ಬಿಡಿಭಾಗ ಎಂದುಕೊಂಡು ಸುಮ್ಮನಿರುತ್ತಾರೆ. ಕಳೆದ ಮೇ ತಿಂಗಳಲ್ಲಿ ಮಾತ್ರ ಒಬ್ಬರು ಸುಮ್ಮನಿರಲಿಲ್ಲ.

ಬಿದ್ರಿ ಕೆಲಸದ ಚಾಚಾ ಅವರು. ಪಾಲಿಶ್ ಮಾಡುವ ಬಫಿಂಗ್ ಮೋಟಾರು ಕಿರುಚುತ್ತಿದೆ ಎಂದು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ತಂದಿದ್ದರು. ನನ್ನ ತಮ್ಮ ಬೇರಿಂಗ್ ಬಿಚ್ಚುವಷ್ಟರಲ್ಲಿ ಅವರು ಆ ತುಂಡನ್ನು ಕೈಗೆತ್ತಿಕೊಂಡು ತೂಗಿದರು, ಉಗುರಿನಿಂದ ಕೆರೆದರು, ಮೂಸಿದರು.

“ಜಸ್ತ,” ಎಂದರು. ನಾವು ಶಾಲೆಯಲ್ಲಿ ಸತು ಎಂದು ಓದಿದ್ದಕ್ಕೆ ಬೀದರಿನ ಬಿದ್ರಿ ಕಾರ್ಖಾನೆಗಳಲ್ಲಿ ಅದೇ ಹೆಸರು. “ಒಳ್ಳೆಯ ಮಾಲು. ಇದನ್ನು ಯಾರು ಹೀಗೆ ಕೆಡಿಸಿದರು?”

“ಸಮುದ್ರ ತಿಂದಿದೆ, ಚಾಚಾ.”

“ಬೀದರಿಗೆ ಸಮುದ್ರ ಯಾವಾಗ ಬಂತು, ಬೇಟಿ?”

ಬೇರಿಂಗ್ ಬದಲಿಸಲು ಮುಕ್ಕಾಲು ಗಂಟೆ ಹಿಡಿಯಿತು. ಕತೆಗೆ ಅದಕ್ಕಿಂತ ಹೆಚ್ಚು ಹಿಡಿಯಿತು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅವರ ಮುಂದೆ ಬಿಟ್ಟ ಲೆಕ್ಕಗಳನ್ನು ಇಲ್ಲಿ ಬಿಡುವುದಿಲ್ಲ, ಅಷ್ಟೇ ವ್ಯತ್ಯಾಸ.

ನಾನು ಸಮುದ್ರ ನೋಡಿದ್ದು ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಅದೂ ಅಲ್ಲಿ ಕೆಲಸಕ್ಕೆ ಸೇರಿದ ಮೇಲೆ. ಅಲ್ಲಿಯವರೆಗೆ ನಾನು ಕಂಡ ದೊಡ್ಡ ನೀರೆಂದರೆ ಕಾರಂಜಾ ಜಲಾಶಯ. ನೀರಿಗೆ ಇಳಿದ ಅನುಭವವೆಂದರೆ ಝರಣಿ ನರಸಿಂಹನ ಗವಿಯಲ್ಲಿ ಅವ್ವನ ಸೆರಗು ಹಿಡಿದು ಎದೆಮಟ್ಟದ ನೀರಿನಲ್ಲಿ ನಡೆದದ್ದು. 2018ರಲ್ಲಿ ಡಿಪ್ಲೊಮಾ ಕೈಯಲ್ಲಿ ಹಿಡಿದು ಬೆಂಗಳೂರಿನಲ್ಲಿ ಅಲೆಯುತ್ತಿದ್ದಾಗ ಒಂದು ಸಣ್ಣ ಕಂಪನಿ ನನ್ನನ್ನು ತೆಗೆದುಕೊಂಡಿತು. ಅಲೆಯಿಂದ ವಿದ್ಯುತ್ ತಯಾರಿಸುವ ಯಂತ್ರವೊಂದನ್ನು ಪಶ್ಚಿಮ ಕರಾವಳಿಯ ಒಂದು ಸಣ್ಣ ಬಂದರಿನಲ್ಲಿ ಪರೀಕ್ಷೆಗೆ ಹಚ್ಚುವುದು ಅವರ ಕೆಲಸ. ಅದರ ಮೀಟರು, ಸೆನ್ಸರು, ಕೇಬಲ್ಲುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. “ಸಮುದ್ರದ ದಂಡೆಯಲ್ಲಿ ಕರೆಂಟು ತಯಾರಿಸಲು ಬೀದರಿನ ಹುಡುಗಿಯೇ ಬೇಕಾಗಿತ್ತೇ?” ಎಂದು ಅವ್ವ ಕೇಳಿದಳು. ಸಂಬಳ ಹೇಳಿದ ಮೇಲೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ಕಡಕ್ ರೊಟ್ಟಿ ಆ ಊರಿನ ಗಾಳಿಗೆ ಮೂರೇ ದಿನದಲ್ಲಿ ಮೆತ್ತಗಾಯಿತು. ಸಮುದ್ರದ ತೇವ ಎಂಥದೆಂದು ನನಗೆ ಮೊದಲು ಕಲಿಸಿದ್ದು ಆ ರೊಟ್ಟಿಯೇ.

ಯಂತ್ರ ನೋಡಲು ಸರಳ. ಬಂದರಿನ ಬಾಯಿಗೆ ಅಡ್ಡವಾಗಿ ಬಂಡೆ, ಕಾಂಕ್ರೀಟು ಸುರಿದು ಕಟ್ಟಿದ ಅಲೆತಡೆಗೋಡೆ ಇರುತ್ತದೆ. ಅಲ್ಲಿಯವರೆಲ್ಲ ಬ್ರೇಕ್‌ವಾಟರ್ ಎನ್ನುತ್ತಾರೆ. ಅದರ ಹೊರಮೈಗೆ ಒಂದು ಉಕ್ಕಿನ ಚೌಕಟ್ಟು, ಚೌಕಟ್ಟಿಗೆ ಬಾಗಿಲಿನ ತಿರುಗಣಿಯಂತೆ ಕೂಡಿಸಿದ ಉದ್ದನೆಯ ತೋಳು, ತೋಳಿನ ತುದಿಗೆ ನೀರಿನ ಮೇಲೆ ತೇಲುವ ಫ್ಲೋಟು. ಅಲೆ ಬಂದಾಗ ಫ್ಲೋಟು ಏರುತ್ತದೆ, ಹೋದಾಗ ಇಳಿಯುತ್ತದೆ. ಏರಿಳಿತಕ್ಕೆ ತೋಳು ಒಂದು ಹೈಡ್ರಾಲಿಕ್ ಸಿಲಿಂಡರನ್ನು ಒತ್ತುತ್ತದೆ. ಜೆಸಿಬಿಯ ತೋಳನ್ನು ಎಣ್ಣೆ ಎತ್ತುತ್ತದಲ್ಲ, ಇದು ಅದರ ತಿರುವುಮುರುವು: ಇಲ್ಲಿ ತೋಳು ಎಣ್ಣೆಯನ್ನು ತಳ್ಳುತ್ತದೆ. ಆ ಎಣ್ಣೆ ಒತ್ತಡದ ಸಿಲಿಂಡರಿನಲ್ಲಿ ಕೂಡಿಕೊಂಡು, ಅಲ್ಲಿಂದ ಒಂದೇ ಸಮನಾಗಿ ಹರಿದು ಜನರೇಟರನ್ನು ತಿರುಗಿಸುತ್ತದೆ. ಇದೇ ಬಗೆಯ, ಇದಕ್ಕಿಂತ ಬಹಳ ದೊಡ್ಡ ಯಂತ್ರ ಇಸ್ರೇಲಿನ ಜಾಫಾ ಬಂದರಿನಲ್ಲಿದೆ. 100 ಕಿಲೋವಾಟಿನದು, 2023ರಲ್ಲಿ ಅಲ್ಲಿಯ ವಿದ್ಯುತ್ ಜಾಲಕ್ಕೆ ಸೇರಿತು. 2025ರಲ್ಲಿ ಅದನ್ನು ಕಟ್ಟಿದ ಕಂಪನಿಯೇ ಲಾಸ್ ಏಂಜಲೀಸ್ ಬಂದರಿನಲ್ಲೂ ಏಳು ಫ್ಲೋಟುಗಳನ್ನು ಕಟ್ಟಿತು. ನಮ್ಮದಕ್ಕೆ ಇದ್ದದ್ದು ಒಂದೇ ಫ್ಲೋಟು. ತಗಡಿನ ಪ್ಲೇಟಿನ ಮೇಲೆ 5 ಕಿಲೋವಾಟ್ ಎಂದು ಕೊರೆದಿತ್ತು.

ಬಂದರಿನಲ್ಲೇ ಏಕೆ? ಚಾಚಾ ಕೂಡ ಇದನ್ನೇ ಕೇಳಿದರು. ನಡುಸಮುದ್ರದಲ್ಲಿ ಅಲೆ ದೊಡ್ಡದು ನಿಜ. ಆದರೆ ಅಲ್ಲಿ ಒಂದು ನಟ್ಟು ಸಡಿಲವಾದರೆ ದೋಣಿ ಬೇಕು, ಮುಳುಗುಗಾರ ಬೇಕು, ಸಮುದ್ರ ಸುಮ್ಮನಿರುವ ದಿನವೂ ಬೇಕು. ಬಂದರಿನಲ್ಲಿ ಗೋಡೆ ಮೊದಲೇ ಕಟ್ಟಿದೆ, ಅದರ ಮೇಲೆ ಜೀಪು ಓಡುತ್ತದೆ, ಕ್ರೇನು ಇದೆ, ವಿದ್ಯುತ್ ತಂತಿ ಹತ್ತಿರದಲ್ಲೇ ಇದೆ, ವಿದ್ಯುತ್ ಬೇಕಾದವರೂ ಅಲ್ಲೇ ಇದ್ದಾರೆ. ಮೀನಿನ ಮಂಜುಗಡ್ಡೆ ಕಾರ್ಖಾನೆ, ತಂಪು ಕಂಟೇನರುಗಳು, ರಾತ್ರಿಯೆಲ್ಲ ಉರಿಯುವ ದೀಪಗಳು. ಕಟ್ಟೆಗೆ ಬಂದು ನಿಂತ ಹಡಗು ಕೂಡ ತನ್ನ ದೀಪ, ಪಂಪುಗಳಿಗಾಗಿ ಡೀಸೆಲ್ ಎಂಜಿನ್ನನ್ನು ಓಡಿಸುತ್ತಲೇ ಇರುತ್ತದೆ. ಅದರ ಬದಲು ದಂಡೆಯಿಂದ ವಿದ್ಯುತ್ ಕೊಡಬೇಕೆಂದು ಈಗ ಎಲ್ಲೆಡೆ ಪ್ರಯತ್ನ ನಡೆದಿದೆ. ಅದರಲ್ಲೂ ಒಂದು ತೊಡಕಿದೆ: ಹೆಚ್ಚಿನ ಹಡಗುಗಳ ವಿದ್ಯುತ್ತು 60 ಹರ್ಟ್ಸ್, ಅಂದರೆ ಸೆಕೆಂಡಿಗೆ 60 ಆವರ್ತ, ನಮ್ಮದು 50. ನಮ್ಮ ದೇಶದ ಪ್ರಮುಖ ಬಂದರುಗಳು 2030ರ ಹೊತ್ತಿಗೆ ತಮ್ಮ ವಿದ್ಯುತ್ತಿನಲ್ಲಿ ಶೇ 60ಕ್ಕಿಂತ ಹೆಚ್ಚನ್ನು ನವೀಕರಿಸಬಹುದಾದ ಮೂಲಗಳಿಂದ ಪಡೆಯಬೇಕೆಂಬುದು ಕೇಂದ್ರ ಸರಕಾರದ ಗುರಿ. ಬಿಸಿಲು ಧಾರಾಳವಾಗಿರುವುದರಿಂದ ಎಲ್ಲರೂ ಮೊದಲು ಸೌರಫಲಕಗಳಿಗೇ ಕೈಹಾಕುತ್ತಾರೆ, ಅದು ಸರಿಯಾದದ್ದೇ. ಮಳೆಗಾಲದಲ್ಲಿ ಮೋಡ ಕವಿದು ಫಲಕ ಮಲಗಿದಾಗಲೇ ಅರಬ್ಬಿ ಸಮುದ್ರ ಎದ್ದು ನಿಲ್ಲುತ್ತದೆ ಎಂಬುದು ನಮ್ಮ ಕಂಪನಿಯ ವಾದ. ಆ ವಾದವನ್ನು ನಾನು ಈಗಲೂ ಒಪ್ಪುತ್ತೇನೆ. ಒಪ್ಪದಿದ್ದದ್ದು ಬೇರೆಯದನ್ನು.

ಉದ್ಘಾಟನೆಯ ದಿನ ಅಕ್ಟೋಬರ್ ತಿಂಗಳ ತಿಳಿಯಾದ ಬೆಳಗು. ಚೌಕಟ್ಟಿಗೆ ಚೆಂಡುಹೂವಿನ ಮಾಲೆ, ತೆಂಗಿನಕಾಯಿ, ಪತ್ರಿಕೆಯವರು. ಒಬ್ಬರು ನಮ್ಮ ಮೇಲಿನವರನ್ನು ಕೇಳಿದರು: “ಇದರಿಂದ ಎಷ್ಟು ಮನೆಗೆ ಕರೆಂಟು ಕೊಡಬಹುದು?” ಅವರು ಹಿಂದೆಮುಂದೆ ನೋಡದೆ ಒಂದು ಸಂಖ್ಯೆ ಹೇಳಿದರು. ಅದು ಬರೆದದ್ದನ್ನು ಓದಿ ಹೇಳಿದಂತೆ ನಯವಾಗಿತ್ತು. ಆ ಹೊತ್ತಿನಲ್ಲಿ ನನ್ನ ಮುಂದಿದ್ದ ಮೀಟರು 410 ವಾಟ್ ತೋರಿಸುತ್ತಿತ್ತು. ಒಂದು ಮಿಕ್ಸರ್ ಕೂಡ ಸರಿಯಾಗಿ ಓಡದು.

ಇದು ಮೋಸವಲ್ಲ. ಅಲೆಯ ಸ್ವಭಾವವೇ ಹಾಗೆ. ತೆರೆದ ಸಮುದ್ರದಲ್ಲಿ ಒಂದು ಮೀಟರ್ ಅಗಲದ ಅಲೆಯಲ್ಲಿ ಎಷ್ಟು ಶಕ್ತಿಯಿದೆ ಎಂದು ತಿಳಿಯಲು ಒಂದು ಒರಟು ಲೆಕ್ಕವಿದೆ. ಅಲೆಯ ಎತ್ತರವನ್ನು ಮೀಟರಿನಲ್ಲಿ ಅಳೆದು ಅದರ ವರ್ಗ ಮಾಡಿ, ಒಂದು ಅಲೆಯಿಂದ ಇನ್ನೊಂದಕ್ಕೆ ಹಿಡಿಯುವ ಸೆಕೆಂಡುಗಳಿಂದ ಗುಣಿಸಿ, ಅರ್ಧ ಮಾಡಿದರೆ ಕಿಲೋವಾಟ್ ಸಿಗುತ್ತದೆ. ಒಂದು ಮೀಟರ್ ಎತ್ತರ, ಎಂಟು ಸೆಕೆಂಡು: 4 ಕಿಲೋವಾಟ್. ಎರಡು ಮೀಟರ್ ಆದರೆ 8 ಅಲ್ಲ, 16. ಮೂರು ಮೀಟರ್ ಎತ್ತರದ, ಹತ್ತು ಸೆಕೆಂಡಿನ ಅಲೆ: 45. ದಂಡೆಗೆ ಬರುವಷ್ಟರಲ್ಲಿ ಕೊಂಚ ಸವೆದಿರುತ್ತದೆ, ಯಂತ್ರ ಅದರಲ್ಲಿ ಒಂದು ಪಾಲನ್ನಷ್ಟೇ ಹಿಡಿಯುತ್ತದೆ. ಆದರೂ ಅಂದಾಜು ಸಿಕ್ಕಿತಲ್ಲ? ಡಿಸೆಂಬರಿನಲ್ಲಿ ಬೇಡುವ ಯಂತ್ರ ಜುಲೈಯಲ್ಲಿ ತಲೆ ತಪ್ಪಿಸಿಕೊಳ್ಳಬೇಕು. ಪ್ಲೇಟಿನ ಮೇಲೆ ಕೊರೆದ ಸಂಖ್ಯೆ ಎರಡಕ್ಕೂ ಸಂಬಂಧಪಟ್ಟದ್ದಲ್ಲ.

ಸ್ಪೇನಿನ ಬಾಸ್ಕ್ ಸೀಮೆಯಲ್ಲಿ ಮುತ್ರಿಕು ಎಂಬ ಸಣ್ಣ ಬಂದರಿದೆ. ಅಲ್ಲಿಯ ಅಲೆತಡೆಗೋಡೆಯ ಹೊಟ್ಟೆಯಲ್ಲೇ 16 ಕೋಣೆಗಳನ್ನು ಮಾಡಿ, 2011ರಲ್ಲಿ ಒಂದೊಂದಕ್ಕೂ 18.5 ಕಿಲೋವಾಟಿನ ಟರ್ಬೈನ್ ಕೂಡಿಸಿದರು. ಒಟ್ಟು 296 ಕಿಲೋವಾಟ್. ಕೋಣೆಯ ಕೆಳಗೆ ಸಮುದ್ರಕ್ಕೆ ಬಾಯಿ ತೆರೆದಿದೆ. ಅಲೆ ಒಳನುಗ್ಗಿದಾಗ ಮೇಲಿನ ಗಾಳಿ ಹೊರಗೆ ನೂಕಿಸಿಕೊಳ್ಳುತ್ತದೆ, ಅಲೆ ಹಿಂದೆ ಸರಿದಾಗ ಗಾಳಿ ಒಳಗೆ ಎಳೆಸಿಕೊಳ್ಳುತ್ತದೆ. ಕುಲುಮೆಯ ತಿದಿಯನ್ನು ಸಮುದ್ರ ಒತ್ತಿದಂತೆ ಎಂದಾಗ ಚಾಚಾ ತಲೆಯಾಡಿಸಿದರು. ಗಾಳಿ ಒಳಗೆ ಬರಲಿ ಹೊರಗೆ ಹೋಗಲಿ, ಒಂದೇ ದಿಕ್ಕಿಗೆ ತಿರುಗುವ ಟರ್ಬೈನನ್ನು ಬೆಲ್‌ಫಾಸ್ಟಿನ ಪ್ರೊಫೆಸರ್ ಅಲನ್ ವೆಲ್ಸ್ 1970ರ ದಶಕದಲ್ಲಿ ಮಾಡಿಕೊಟ್ಟಿದ್ದರು; ಅದಿಲ್ಲದಿದ್ದರೆ ಗಾಳಿಯನ್ನು ಒಂದೇ ದಿಕ್ಕಿಗೆ ತಿರುಗಿಸಲು ಕವಾಟಗಳನ್ನು ಹಾಕಬೇಕಾಗುತ್ತಿತ್ತು. 2020ರ ಹೊತ್ತಿಗೆ ಮುತ್ರಿಕು ಸುಮಾರು 20 ಲಕ್ಷ ಯೂನಿಟ್ ವಿದ್ಯುತ್ ಕೊಟ್ಟಿತ್ತು. ಎಂಟೂವರೆ ವರ್ಷದ ಗಂಟೆಗಳಿಂದ ಭಾಗಿಸಿ ನೋಡಿ: ಸರಾಸರಿ 27 ಕಿಲೋವಾಟಿನ ಆಸುಪಾಸು. ಪ್ಲೇಟಿನ ಮೇಲಿನ 296ರಲ್ಲಿ ಹತ್ತನೆಯ ಒಂದು ಪಾಲೂ ಇಲ್ಲ.

ಇದನ್ನು ಕೇಳಿದವರು ನಗುತ್ತಾರೆ. ನನಗೆ ನಗು ಬರುವುದಿಲ್ಲ. ಉಪ್ಪುನೀರಿನ ಬಾಯಲ್ಲಿ ಕುಳಿತು ಎಂಟು ವರ್ಷ ತಿರುಗಿದ ಟರ್ಬೈನು ಅದು. ಆ ಮಧ್ಯೆ ಬೇರೆಯವರ ಹೊಸ ಟರ್ಬೈನುಗಳಿಗೂ ತನ್ನ ಕೋಣೆ ಬಿಟ್ಟುಕೊಟ್ಟು ಪರೀಕ್ಷಾಮಂದಿರವೂ ಆಯಿತು. ನಾರ್ವೆಯ ಟೋಫ್ಟೆಸ್ಟಾಲೆನ್ ಎಂಬಲ್ಲಿ 1985ರಲ್ಲಿ ಕಟ್ಟಿದ ಇಂಥದೇ ಯಂತ್ರವನ್ನು 1988ರ ಡಿಸೆಂಬರಿನ ಬಿರುಗಾಳಿ ಕಿತ್ತೊಯ್ದಿತು. ಆಸ್ಟ್ರೇಲಿಯಾದ ಪೋರ್ಟ್ ಕೆಂಬ್ಲಾದಲ್ಲಿ 2010ರಲ್ಲಿ ತೇಲುವ ಯಂತ್ರವೊಂದು ಲಂಗರು ಹರಿದುಕೊಂಡು ಬಂದರಿನ ಗೋಡೆಗೇ ಬಂದು ಬಡಿಯಿತು. ಈ ಕ್ಷೇತ್ರದಲ್ಲಿ ಉಳಿದುಕೊಂಡದ್ದೇ ದೊಡ್ಡ ಅಂಕ.

ನಮ್ಮವರೂ ಹಿಂದೆ ಬಿದ್ದವರಲ್ಲ. ಕೇರಳದ ವಿಳಿಂಜಂ ಮೀನುಗಾರಿಕೆ ಬಂದರಿನಲ್ಲಿ ಮದ್ರಾಸ್ ಐಐಟಿಯವರು ಇದೇ ತಿದಿಯ ಮಾದರಿಯ 150 ಕಿಲೋವಾಟಿನ ಸ್ಥಾವರವನ್ನು 1991ರಲ್ಲೇ ಚಾಲೂ ಮಾಡಿದ್ದರು. ಮುತ್ರಿಕುವಿಗಿಂತ ಇಪ್ಪತ್ತು ವರ್ಷ ಮೊದಲು! ಆಮೇಲೆ ಅದೇ ಸ್ಥಾವರದಿಂದ ಸಮುದ್ರದ ನೀರನ್ನು ಸಿಹಿನೀರು ಮಾಡುವ ಪ್ರಯೋಗವೂ ನಡೆಯಿತು. 2011ರಲ್ಲಿ, ಅತ್ತ ಮುತ್ರಿಕು ಬಾಗಿಲು ತೆರೆದ ವರ್ಷವೇ, ವಿಳಿಂಜಂ ಸ್ಥಾವರವನ್ನು ಮುಚ್ಚಲಾಯಿತು. 2022ರಲ್ಲಿ ಅದೇ ಐಐಟಿಯವರು ತೂತ್ತುಕುಡಿಯ ದಂಡೆಯಿಂದ ಆರು ಕಿಲೋಮೀಟರ್ ದೂರದಲ್ಲಿ ‘ಸಿಂಧುಜಾ-1’ ಎಂಬ ಯಂತ್ರವನ್ನು ಇಳಿಸಿ 100 ವಾಟ್ ತೆಗೆದರು. ನೂರು ವಾಟ್ ಎಂದು ಕೊಂಕು ಮಾತನಾಡಿದವರಿದ್ದಾರೆ. ಜಪಾನಿನ ಯೋಶಿಯೊ ಮಸುದಾ 1960ರ ದಶಕದಲ್ಲಿ ಹಡಗುಗಳಿಗೆ ದಾರಿ ತೋರುವ ತೇಲುದೀಪಗಳನ್ನು ಅಲೆಯಿಂದಲೇ ಬೆಳಗಿಸಿದಾಗ ಅವಕ್ಕೆ ಬೇಕಾದದ್ದೂ ಅಷ್ಟೇ. ಆ ದೀಪಗಳು ಮಾರಾಟವಾದವು, ಕೆಲಸ ಮಾಡಿದವು. ಬಂದರು ಎಂದರೆ ಇಂಥ ಸಣ್ಣ ಹಸಿವುಗಳ ಜಾಗ. ಮನೆಗಳ ಲೆಕ್ಕ ಅಲ್ಲಿಗೆ ಏಕೆ ಬೇಕೋ ನನಗೆ ತಿಳಿಯದು.

ಯಂತ್ರವನ್ನು ಮೊದಲು ತೊಟ್ಟಿಯಲ್ಲಿ ಪರೀಕ್ಷಿಸುತ್ತಾರೆ. ಹತ್ತನೆಯ ಒಂದಳತೆಯ ಮಾದರಿ ಮಾಡಿ, ಸಣ್ಣ ಅಲೆ ಎಬ್ಬಿಸಿ ನೋಡುತ್ತಾರೆ. ಅಳತೆ ಹತ್ತು ಪಟ್ಟು ಹಿಗ್ಗಿದರೆ ಶಕ್ತಿ ಹತ್ತು ಪಟ್ಟಲ್ಲ, ಹತ್ತರ ಮೂರೂವರೆ ಘಾತ ಪಟ್ಟು, ಅಂದರೆ ಮೂರು ಸಾವಿರಕ್ಕೂ ಹೆಚ್ಚು ಪಟ್ಟು ಹಿಗ್ಗುತ್ತದೆ. ತೊಟ್ಟಿಯಲ್ಲಿ ಒಂದೂವರೆ ವಾಟ್ ಬಂದರೆ ಸಮುದ್ರದಲ್ಲಿ 5 ಕಿಲೋವಾಟ್ ಎಂದು ಕಾಗದ ಹೇಳುತ್ತದೆ. ಆದರೆ ಆ ತೊಟ್ಟಿಯಲ್ಲಿ ತುಕ್ಕು ಇಲ್ಲ, ಬಾರ್ನಕಲ್ ಎಂಬ ಚಿಪ್ಪುಜೀವಿ ಫ್ಲೋಟಿಗೆ ಅಂಟಿಕೊಂಡು ತೂಕ ಹೆಚ್ಚಿಸುವುದಿಲ್ಲ, ಮೀನಿನ ಬಲೆ ಬಂದು ಸುತ್ತಿಕೊಳ್ಳುವುದಿಲ್ಲ, ಬೀದರಿನ ಹುಡುಗಿಯೊಬ್ಬಳು ತಪ್ಪು ಬೋಲ್ಟು ತಂದು ಹಾಕುವುದೂ ಇಲ್ಲ.

ಬೋಲ್ಟಿನ ಕತೆ ಹೇಳಿಬಿಡುತ್ತೇನೆ. ತೋಳಿನ ಮೇಲಿನ ಬಲ ಅಳೆಯುವ ಸೆನ್ಸರನ್ನು ಸ್ಟೇನ್‌ಲೆಸ್ ಸ್ಟೀಲಿನ ಪಟ್ಟಿಗೆ ಬಿಗಿದಿತ್ತು. ಎರಡು ಬೋಲ್ಟು ಕಳೆದುಹೋದವು. ಅದೇ ಜಾತಿಯ ಬೋಲ್ಟು ಬರಲು ಹತ್ತು ದಿನ ಎಂದರು. ನಾನು ಪೇಟೆಯ ಹಾರ್ಡ್‌ವೇರ್ ಅಂಗಡಿಯಿಂದ ಮಾಮೂಲಿ ಉಕ್ಕಿನ, ಬೆಳ್ಳಗೆ ಹೊಳೆಯುವ ಬೋಲ್ಟು ತಂದು ಹಾಕಿದೆ. ಎರಡು ಬೇರೆ ಲೋಹ, ನಡುವೆ ಉಪ್ಪುನೀರು: ಬ್ಯಾಟರಿ ಆಗಲು ಇನ್ನೇನು ಬೇಕು? ದೊಡ್ಡ ಸ್ಟೇನ್‌ಲೆಸ್ ಪಟ್ಟಿ ಸಣ್ಣ ಬೋಲ್ಟನ್ನು ತಿನ್ನತೊಡಗಿತು. ಆರು ವಾರದಲ್ಲಿ ಬೋಲ್ಟು ಪೆನ್ಸಿಲಿನ ಮೊನೆಯಂತಾಗಿ ಮುರಿದು, ನನ್ನ ಎಂಟು ತಿಂಗಳ ಸಂಬಳದಷ್ಟು ಬೆಲೆಯ ಸೆನ್ಸರು ಸಮುದ್ರಕ್ಕೆ ಬಿತ್ತು. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ಒಂದು ವಾರ ಊಟ ಸೇರಲಿಲ್ಲ.

ಅದೇ ನಿಯಮ ಚೌಕಟ್ಟನ್ನು ಕಾಯುತ್ತಿತ್ತು. ನೀರಿನಲ್ಲಿ ಮುಳುಗಿದ ಉಕ್ಕಿನ ಕಾಲುಗಳಿಗೆ ಜಸ್ತದ ತುಂಡುಗಳನ್ನು ಕಟ್ಟುತ್ತಾರೆ. ಉಕ್ಕಿಗಿಂತ ಮೊದಲು ಜಸ್ತ ಕರಗುತ್ತದೆ, ಅದು ಕರಗುವವರೆಗೆ ಉಕ್ಕು ಉಳಿಯುತ್ತದೆ. ಟೇಬಲ್ಲಿನ ಮೇಲಿನ ತುಂಡು ಅದೇ. ಹಾಕುವಾಗ 5 ಕಿಲೋ ಇತ್ತು, ಹದಿನಾಲ್ಕು ತಿಂಗಳಾದ ಮೇಲೆ ತೆಗೆದಾಗ 2 ಕಿಲೋಗೂ ಕಡಿಮೆ. ಇದನ್ನು ಕೇಳಿ ಚಾಚಾ, “ಇಂಥವನ್ನು ನಾನೇ ಎರಕ ಹೊಯ್ದು ಕೊಡುತ್ತಿದ್ದೆನಲ್ಲ, ಹೇಳಬೇಕಿತ್ತು,” ಎಂದರು. ಬಿದ್ರಿಯ ಎರಕ ಇದಕ್ಕೆ ನಡೆಯುವುದಿಲ್ಲ ಎಂದೆ. ಹದಿನಾರು ಪಾಲು ಜಸ್ತಕ್ಕೆ ಒಂದು ಪಾಲು ತಾಮ್ರ ಬೆರೆತರೆ ಅದು ಉಕ್ಕನ್ನು ಕಾಯುವುದನ್ನು ಬಿಟ್ಟು ತನ್ನಷ್ಟಕ್ಕೆ ತಾನೇ ಸವೆಯುತ್ತದೆ. ಕಬ್ಬಿಣದ ಅಂಶ ಒಂದು ಚಿಟಿಕೆ ಸೇರಿದರೂ ಮೇಲೆ ಪದರ ಕಟ್ಟಿಕೊಂಡು ಸುಮ್ಮನೆ ಕುಳಿತುಬಿಡುತ್ತದೆ. ಅವರ ಮುಖ ಸ್ವಲ್ಪ ಸಣ್ಣದಾಯಿತು.

ಜಸ್ತ ಕಾಯುವುದು ನೀರೊಳಗಿನದನ್ನು ಮಾತ್ರ. ಒಮ್ಮೆ ನೀರು ಎರಚಿ, ಒಮ್ಮೆ ಒಣಗಿ, ಮತ್ತೆ ಎರಚುವ ಜಾಗವಿದೆಯಲ್ಲ, ಅಲ್ಲಿ ಅದರ ಆಟ ನಡೆಯದು. ಸಮುದ್ರದ ಯಾವ ಉಕ್ಕನ್ನು ನೋಡಿದರೂ ಹೆಚ್ಚು ತುಕ್ಕು ಅಲ್ಲೇ. ನಮ್ಮ ತೋಳಿನ ತಿರುಗಣಿ, ಹೈಡ್ರಾಲಿಕ್ ಪೈಪು, ಕೇಬಲ್ಲಿನ ಬಾಯಿ ಎಲ್ಲವೂ ಇದ್ದದ್ದು ಅದೇ ಎತ್ತರದಲ್ಲಿ.

2019ರ ಮಳೆಗಾಲವನ್ನು ನಾವು ಫ್ಲೋಟನ್ನು ಮೇಲೆತ್ತಿ ಕಳೆದೆವು. ಪರೀಕ್ಷೆಗೆಂದೇ ಇಟ್ಟ ಯಂತ್ರವನ್ನು ಪರೀಕ್ಷೆಯ ಕಾಲದಲ್ಲಿ ಎತ್ತಿಟ್ಟದ್ದು! ನನ್ನ ಹತ್ತಿರ ಒಂದು ಕೋಷ್ಟಕವಿತ್ತು. ಅಡ್ಡಸಾಲಿನಲ್ಲಿ ಅಲೆಯ ಎತ್ತರ, ಉದ್ದಸಾಲಿನಲ್ಲಿ ಅದರ ಸೆಕೆಂಡು, ಅವು ಕೂಡುವ ಒಂದೊಂದು ಮನೆಯಲ್ಲೂ ಆ ಅಲೆಗೆ ಬಂದ ಸರಾಸರಿ ವಿದ್ಯುತ್. ಐಇಸಿ 62600 ಎಂಬ ಅಂತರರಾಷ್ಟ್ರೀಯ ಮಾನಕದ ಪ್ರಕಾರ ಅಲೆಯಂತ್ರದ ಯೋಗ್ಯತೆಯನ್ನು ಹೀಗೇ ತೋರಿಸಬೇಕು. ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳಲ್ಲಿ 2003ರಿಂದ ನಡೆಯುತ್ತಿರುವ ಸಮುದ್ರಶಕ್ತಿ ಪರೀಕ್ಷಾ ಕೇಂದ್ರಕ್ಕೆ ದೇಶದೇಶದವರು ತಮ್ಮ ಯಂತ್ರ ಹೊತ್ತು ಹೋಗುವುದು ಇಂಥ ಮನೆಗಳನ್ನು ನಂಬುವಂತೆ ತುಂಬಿಸಿಕೊಳ್ಳಲು. ನನ್ನ ಕೋಷ್ಟಕದಲ್ಲಿ ಒಂದು ಮೀಟರಿನವರೆಗಿನ ಮನೆಗಳು ಕಿಕ್ಕಿರಿದಿದ್ದವು. ಎರಡೂವರೆ ಮೀಟರಿನ ಮೇಲೆ ಎಲ್ಲ ಖಾಲಿ.

ಅಕ್ಟೋಬರಿನಲ್ಲಿ ಸಮುದ್ರ ತಣ್ಣಗಾಯಿತೆಂದು ಫ್ಲೋಟನ್ನು ಮತ್ತೆ ಇಳಿಸಿದೆವು. ದೀಪಾವಳಿಗೆ ನಾನು ಬೀದರಿಗೆ ಬಂದೆ. ಬಂದ ಎರಡನೆಯ ದಿನವೇ ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಎದ್ದಿತು. ‘ಕ್ಯಾರ್’ ಎಂದು ಅದರ ಹೆಸರು. ಅದು ದಂಡೆಗೆ ಬರಲಿಲ್ಲ, ಒಮಾನ್ ಕಡೆ ತಿರುಗಿಕೊಂಡಿತು, ಆದರೆ ಅಲೆಗಳನ್ನು ಮಾತ್ರ ನಮ್ಮ ಕರಾವಳಿಗೇ ಕಳಿಸಿತು. ನನ್ನ ಜೊತೆಗಾರ, ಅಲ್ಲಿಯ ಮೊಗವೀರರ ಹುಡುಗ, ಸಂಜೆಯೇ ಫೋನ್ ಮಾಡಿದ. “ಅಕ್ಕ, ದೋಣಿಗಳೆಲ್ಲ ಒಳಗೆ ಬರುತ್ತಿವೆ. ಸಮುದ್ರದ ಬಣ್ಣ ಸರಿಯಿಲ್ಲ. ಫ್ಲೋಟು ಎತ್ತಿಬಿಡಲೇ?” ಎತ್ತು ಎಂದೆ. ಬೆಂಗಳೂರಿನಿಂದ ಬೇಡ ಎಂದರು. ಸೋಮವಾರ ಹಣ ಹಾಕುವವರು ನೋಡಲು ಬರುತ್ತಾರೆ, ಫ್ಲೋಟು ನೀರಿನಲ್ಲಿ ಕುಣಿಯುತ್ತಿರಬೇಕು ಎಂಬುದು ಅವರ ಚಿಂತೆ.

ಯಂತ್ರದ ಅಳತೆಗಳನ್ನು ದಾಖಲಿಸುವ ಲಾಗರು ಹತ್ತು ನಿಮಿಷಕ್ಕೊಮ್ಮೆ ನನ್ನ ಮೊಬೈಲಿಗೆ ಮೂರು ಅಂಕೆ ಕಳಿಸುತ್ತಿತ್ತು: ತೋಳಿನ ಕೋನ, ಎಣ್ಣೆಯ ಒತ್ತಡ, ವಾಟ್. ಅವ್ವ ಒಳಗೆ ಕರ್ಚಿಕಾಯಿ ಕರಿಯುತ್ತಿದ್ದಳು. ನೆಟ್‌ವರ್ಕ್ ಸಿಗಲೆಂದು ನಾನು ಮಾಳಿಗೆ ಹತ್ತಿ ಕುಳಿತೆ. ಕೆಳಗೆ ಓಣಿಯ ಹುಡುಗರು ಎರಡು ದಿನ ಮುಂಚಿತವಾಗಿಯೇ ಪಟಾಕಿ ಹಚ್ಚುತ್ತಿದ್ದರು. ಸಮುದ್ರದಿಂದ ಇಷ್ಟು ದೂರ, ಎರಡು ಸಾವಿರ ಅಡಿಗೂ ಹೆಚ್ಚು ಎತ್ತರದ ಕೆಂಪುಕಲ್ಲಿನ ಊರಿನಲ್ಲಿ ಕುಳಿತು ನಾನು ಅಲೆ ಎಣಿಸುತ್ತಿದ್ದೆ. ದಿನವೂ 90 ಬಾರ್ ಇರುತ್ತಿದ್ದ ಒತ್ತಡ ಹತ್ತು ಗಂಟೆಗೆ 140 ಆಯಿತು. ಹನ್ನೊಂದಕ್ಕೆ ಸರಾಸರಿ ವಿದ್ಯುತ್ 3,900 ವಾಟ್. ಯಂತ್ರ ಹುಟ್ಟಿದ ಮೇಲೆ ಅಷ್ಟು ಕೊಟ್ಟಿರಲೇ ಇಲ್ಲ. ಹೆದರಿಕೆಯ ಜೊತೆಗೆ ಒಂದು ಹೆಮ್ಮೆಯೂ ಆಯಿತೆಂದು ಒಪ್ಪಿಕೊಳ್ಳುತ್ತೇನೆ. ಹನ್ನೆರಡೂವರೆಗೆ 170 ಬಾರ್. ತೋಳಿನ ಕೋನ ಮೇಲಿನ ತಡೆಗೆ ಹೋಗಿ ಹೋಗಿ ತಾಗುತ್ತಿತ್ತು.

ಅಷ್ಟರಲ್ಲಿ ಜೊತೆಗಾರ ಯಾರ ಅಪ್ಪಣೆಗೂ ಕಾಯದೆ ಇನ್ನೊಬ್ಬನನ್ನು ಕರೆದುಕೊಂಡು ಗೋಡೆಯ ಮೇಲೆ ಹೋಗಿದ್ದ. ಎತ್ತುವ ಪಂಪಿನ ಪ್ಯಾನಲ್ಲಿಗೆ ಕೇಬಲ್ ಒಳಹೋಗುವ ತೂತನ್ನು ಬಿಗಿಯುವ ಗ್ಲ್ಯಾಂಡಿನ ಸಂದಿಯಿಂದ ನೀರು ನುಗ್ಗಿ ಟ್ರಿಪ್ ಆಗಿತ್ತು. ಕೈಪಂಪಿನಿಂದ ಒತ್ತಿ ಒತ್ತಿ ತೋಳನ್ನು ಅರ್ಧ ಎತ್ತಿದ್ದರಂತೆ, ಆಗ ಹೈಡ್ರಾಲಿಕ್ ಪೈಪಿನ ತುದಿಯ ಫಿಟಿಂಗ್ ಸಿಡಿದು ಎಣ್ಣೆಯೆಲ್ಲ ಹೊರಗೆ ಹಾರಿತು. ಇಬ್ಬರೂ ಓಡಿ ಬಂದರು. ಒಂದು ಗಂಟೆ ಐವತ್ತು ನಿಮಿಷಕ್ಕೆ ನನ್ನ ಮೊಬೈಲಿನ ಮೂರೂ ಸಾಲುಗಳಲ್ಲಿ ಒಂದೇ ಅಂಕೆ ಬಂತು: ಮೈನಸ್ 9999. ಲಾಗರಿಗೆ ಏನೂ ಕೇಳಿಸದಿದ್ದಾಗ ಅದು ಹಾಗೆ ಬರೆಯುತ್ತದೆ. ಬೆಳಗಿನವರೆಗೆ ಹತ್ತು ಹತ್ತು ನಿಮಿಷಕ್ಕೆ ಅದನ್ನೇ ಬರೆಯಿತು.

ಫ್ಲೋಟು ಒಡೆದಿತ್ತು. ಎಲ್ಲರೂ ಅನುಮಾನಪಟ್ಟಿದ್ದ ತಿರುಗಣಿಗೆ ಏನೂ ಆಗಿರಲಿಲ್ಲ, ಚೌಕಟ್ಟೂ ನೆಟ್ಟಗಿತ್ತು. ಸಿಡಿದ ಫಿಟಿಂಗನ್ನು ಬಿಡಿಸಿ ನೋಡಿದರೆ ರಬ್ಬರಿನ ಹೊದಿಕೆಯ ಒಳಗೆ ಉಪ್ಪುನೀರು ನಿಂತು, ಹೊರಗೆ ಕಾಣದಂತೆ ತುಕ್ಕು ತಿಂದಿತ್ತು. ಅದರ ಬೆಲೆ ಆರುನೂರು ರೂಪಾಯಿ. ಗ್ಲ್ಯಾಂಡಿನದು ನೂರರ ಒಳಗೆ. ಹಬ್ಬ ಮುಗಿಸಿ ಹೋದವಳು ಒಂದು ವಾರ ಕುಳಿತು ಹನ್ನೊಂದು ಪುಟ ಬರೆದೆ: ಯಾವ ಅಲೆಗೆ ಎಷ್ಟು ಒತ್ತಡ ಬಂತು, ಯಾವುದು ಮೊದಲು ಸೋತಿತು, ಯಾವುದು ಸೋಲಲಿಲ್ಲ. ಕೋಷ್ಟಕದ ಖಾಲಿ ಮನೆಗಳಲ್ಲಿ ಮೊದಲ ಬಾರಿಗೆ ನಾಲ್ಕು ತುಂಬಿದವು. ಹದಿನಾಲ್ಕು ತಿಂಗಳ ಪರೀಕ್ಷೆಯಲ್ಲಿ ನಿಜವಾಗಿ ಪರೀಕ್ಷೆ ನಡೆದದ್ದು ಆ ಒಂದು ರಾತ್ರಿ ಎಂದು ನನಗೆ ಅನಿಸಿತ್ತು, ಈಗಲೂ ಅನಿಸುತ್ತದೆ.

ಕೊನೆಯ ವರದಿಯಲ್ಲಿ ನನ್ನ ಹನ್ನೊಂದು ಪುಟದ ಬದಲು ಒಂದು ಸಾಲಿತ್ತು: ‘ಅಸಾಧಾರಣ ಹವಾಮಾನದ ಕಾರಣ ಈ ಅವಧಿಯ ದತ್ತಾಂಶ ಲಭ್ಯವಿಲ್ಲ.’ ಲಭ್ಯವಿತ್ತು. ನನ್ನ ಮೊಬೈಲಿನಲ್ಲೇ ಇತ್ತು. ಮುಖಪುಟದಲ್ಲಿ ಮಾತ್ರ ‘ಗರಿಷ್ಠ ಉತ್ಪಾದನೆ’ ಎಂದು ದಪ್ಪಕ್ಷರದಲ್ಲಿ ಒಂದು ಸಂಖ್ಯೆ ಹಾಕಿದ್ದರು, ಅದನ್ನು ಆರಿಸಿಕೊಂಡದ್ದು ಆ ರಾತ್ರಿಯ ಹನ್ನೊಂದು ಗಂಟೆಯ ಅಂಕೆಗಳಿಂದಲೇ! ಜಗಳವಾಯಿತು. ಜಗಳದಲ್ಲಿ ನಾನು ಏನೇನು ಅಂದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಬೀದರಿನ ಮರ್ಯಾದೆಯ ಪ್ರಶ್ನೆ. ಡಿಸೆಂಬರಿನಲ್ಲಿ ಯಂತ್ರವನ್ನು ಬಿಚ್ಚಿದರು. ಮರುವರ್ಷ ಕಂಪನಿಯೂ ಉಳಿಯಲಿಲ್ಲ. ಚೌಕಟ್ಟು ಗುಜರಿಗೆ ಹೋಗುವ ಮುನ್ನ ಒಂದು ಜಸ್ತದ ತುಂಡನ್ನು ಕೇಳಿ ತೆಗೆದುಕೊಂಡೆ. ಬಸ್ಸಿನಲ್ಲಿ ಬ್ಯಾಗಿನ ತೂಕ ನೋಡಿದ ಕಂಡಕ್ಟರು ಲಗೇಜ್ ಟಿಕೆಟ್ ಹರಿದರು.

ಈಗ ನಮ್ಮ ಅಂಗಡಿಯಲ್ಲಿ ತಮ್ಮನದು ವೈಂಡಿಂಗ್, ನನ್ನದು ಪ್ಯಾನಲ್ಲು ಮತ್ತು ಕೇಬಲ್ ಜಾಯಿಂಟ್. ಐನೂರು ಅಡಿ ಕೆಳಗೆ ಮೋಟಾರು ಇಳಿಸುವವರು ಜಾಯಿಂಟಿಗೆ ಸೈಕಲ್ ಟ್ಯೂಬು ಸುತ್ತಿ ಬಿಡುತ್ತಾರೆ. ನೀರು ತಂತಿಯ ಎಳೆಗಳ ಸಂದಿಯಲ್ಲೇ ಮೇಲೆ ಹತ್ತುತ್ತದೆ ಎಂದರೆ ನಂಬುವುದಿಲ್ಲ. ತಂತಿಯ ಇನ್ಸುಲೇಷನ್ ಅಳೆಯುವ ಮೆಗ್ಗರ್ ಹಚ್ಚಿ ತೋರಿಸಿದರೆ ನಂಬುತ್ತಾರೆ. ಮೇ ತಿಂಗಳಲ್ಲಿ ಸುಟ್ಟು ಬರುವ ಮೋಟಾರುಗಳಲ್ಲಿ ಹಲವಕ್ಕೆ ಆಗಿರುವುದು ಆ ರಾತ್ರಿ ನಮ್ಮ ಪ್ಯಾನಲ್ಲಿಗೆ ಆದದ್ದೇ. ಯಾವ ಮೋಟಾರು, ಎಷ್ಟು ದಿನಕ್ಕೆ, ಎಲ್ಲಿ ಸೋತಿತು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ತಮ್ಮ ಅದಕ್ಕೆ ‘ಮೈನಸ್ 9999’ ಎಂದು ಹೆಸರಿಟ್ಟಿದ್ದಾನೆ.

ಚಾಚಾ ಹೋಗುವಾಗ ಆ ತುಂಡನ್ನು ಎರಡು ದಿನಕ್ಕೆ ಎರವಲು ಕೇಳಿದರು. ಬಿದ್ರಿಗೆ ಕೊನೆಯಲ್ಲಿ ಕಪ್ಪು ಹತ್ತಿಸುವ ಕ್ರಮವಿದೆ. ಹಳೆಯ ಕೋಟೆಯ ಒಳಗಿನ, ಬಿಸಿಲು ಮಳೆ ಕಾಣದ ಜಾಗದ ಮಣ್ಣನ್ನು ನಾಲಿಗೆಗೆ ಹಚ್ಚಿ ನೋಡಿ ಆರಿಸುತ್ತಾರೆ, ಅದನ್ನು ನವಸಾಗರದ ಜೊತೆ ನೀರಿಗೆ ಹಾಕಿ ಕಾಯಿಸಿ, ಬಿಸಿಯಾದ ಪಾತ್ರೆಗೆ ತಿಕ್ಕುತ್ತಾರೆ. ಪಾತ್ರೆಯ ಮೈಯಲ್ಲಿ ಕೂರಿಸಿದ ಬೆಳ್ಳಿ ಬೆಳ್ಳಗೇ ಉಳಿದು ಮಿಕ್ಕದ್ದೆಲ್ಲ ಕಾಡಿಗೆಯಂತಾಗುತ್ತದೆ. ಈ ಗುಂಡಿಗಳಿಗೆ ಕಪ್ಪು ಹತ್ತಿದರೆ ಹೇಗೆ ಕಾಣುತ್ತದೋ ನೋಡೋಣ ಎಂದು ಅವರಿಗೆ ಆಸೆ.

ಎರಡು ದಿನ ಎಂದವರು ಒಂಬತ್ತನೆಯ ದಿನಕ್ಕೆ ಬಂದರು. ಬಟ್ಟೆಯಲ್ಲಿ ಸುತ್ತಿದ್ದ ತುಂಡನ್ನು ಟೇಬಲ್ಲಿನ ಮೇಲಿಟ್ಟು ಬಿಚ್ಚಿದರು. ಅಲ್ಲಲ್ಲಿ ಬೂದಿಬಣ್ಣ, ಅಷ್ಟೇ.

“ಮೂರು ಸಲ ಮಣ್ಣು ಬದಲಿಸಿದೆ,” ಎಂದರು. “ತಾಮ್ರ ಇಲ್ಲದೆ ಕಪ್ಪು ಕೂರುವುದಿಲ್ಲ, ನನಗೆ ಗೊತ್ತಿತ್ತು. ಆದರೂ ನೋಡಿದೆ.”

ಮೂರು ಸಲದ್ದೂ ಬರೆದಿಟ್ಟುಕೊಂಡಿದ್ದೀರಾ ಎಂದು ಕೇಳಿದೆ. ಅವರು ತಲೆ ತಟ್ಟಿ ತೋರಿಸಿದರು. ಬಫಿಂಗ್ ಮೋಟಾರಿನ ಬೇರಿಂಗಿನ ದುಡ್ಡು ಇನ್ನೂ ಬಾಕಿಯಿತ್ತು, ಅದನ್ನು ಕೊಟ್ಟು ಸೈಕಲ್ ಹತ್ತಿದರು.